ದೊಡ್ಡಪ್ಪನ ಕಷಾಯದ ಮುಖ

ಕಷಾಯದ ಮೊದಲ ಗುಟುಕು ಇಳಿಯುವಾಗ ನಮ್ಮ ದೊಡ್ಡಪ್ಪನ ಮುಖದಲ್ಲಿ ಏನೇನು ನಡೆಯುತ್ತದೆ ಅನ್ನುವುದನ್ನು ಹಾಸನ ಜಿಲ್ಲೆಯ ಎಷ್ಟೋ ಮದುವೆಮನೆಗಳು ನೋಡಿವೆ. ತೋರಿಸಿದವನು ನಾನು, ಆರ್ಕೆಸ್ಟ್ರಾದ ಮಿಮಿಕ್ರಿಯವನು. ಮೊದಲು ಎಡಗಣ್ಣು ಮುಚ್ಚಿಕೊಳ್ಳುತ್ತದೆ. ಮೂಗು ಹಣೆಯ ಕಡೆ ಹೊರಡುತ್ತದೆ, ತುಟಿ ಕಿವಿಯ ಕಡೆ. ನಾಲಗೆ ಮುನಿಸಿಕೊಂಡು ಮನೆ ಬಿಟ್ಟವರ ಹಾಗೆ ಬಾಗಿಲಾಚೆ ಬಂದು ನಿಲ್ಲುತ್ತದೆ. ಕೊನೆಗೆ ಹೊಟ್ಟೆಯ ತಳದಿಂದ ಒಂದು ‘ಥೂ’. ಸಿನಿಮಾ ನಟರ ದನಿಯನ್ನು ಯಾರು ಬೇಕಾದರೂ ತೆಗೆಯುತ್ತಾರೆ. ನಾನೂ ತೆಗೆಯುತ್ತೇನೆ, ಕೆಟ್ಟದಾಗಿ. ಹೊಳೆನರಸೀಪುರದ ಛತ್ರವೊಂದರಲ್ಲಿ ನನ್ನ ನಟರ ದನಿ ಕೇಳಿ ಜನ ಊಟಕ್ಕೆ ಎದ್ದು ಹೋದರು. ದೊಡ್ಡಪ್ಪನ ಮುಖ ಶುರು ಮಾಡಿದ ಮೇಲೆ ಎಲೆ ಮುಂದೆ ಕೂತವರೂ ನನ್ನ ಕಡೆ ಕತ್ತು ತಿರುಗಿಸಿದರು.

ದೊಡ್ಡಪ್ಪನದು ಅರಕಲಗೂಡಿನಲ್ಲಿ ಹಿಂಡಿ-ಬೂಸದ ಅಂಗಡಿ, ಅಂಗಡಿಯ ಹಿಂದೆಯೇ ಮನೆ. ಅವರಿಂದ ನಾನು ಎತ್ತಿಕೊಂಡ ಇನ್ನೊಂದು ಐಟಂ ಬೈಗುಳ. ಮೂಟೆ ಇಳಿಸುವವರಿಗೆ ಬೈಯುವಾಗ ಅವರು ನಡುವೆ ಉಸಿರು ತೆಗೆದುಕೊಳ್ಳುವುದಿಲ್ಲ. “ಲೇ ಬಡ್ಡೆತ್ತದ್ದೇ ಮೂಟೆ ಅಲ್ಲಿಡ್ಬ್ಯಾಡ ಅಂತ ಎಷ್ಟ್ ಸತಿ ಯೋಳ್ಳಿ ನೀರ್ ಸೋರಿದ್ರೆ ಬೂಸ ಮುಗ್ಗಾಯ್ತದೆ ಮುಗ್ಗು ತಿಂದ್ರೆ ಅಸ ಆಲು ಕೊಡಾಕಿಲ್ಲ ಆಲು ಕೊಡ್ದಿದ್ರೆ ಆ ಯಪ್ಪ ಬಂದು ನನ್ ಮಕುಕ್ಕುಗೀತಾನೆ ನಿನ್ ಮಕುಕ್ಕಲ್ಲ ಕಣ್ಲಾ ನನ್ ಮಕುಕ್ಕೆ!” ಇಷ್ಟೂ ಒಂದೇ ಉಸಿರು. ಬಾತ್‌ರೂಮಿನ ಬಾಗಿಲು ಹಾಕಿಕೊಂಡು ನಾನು ಇದನ್ನು ತಿಂಗಳುಗಟ್ಟಲೆ ಅಭ್ಯಾಸ ಮಾಡಿದ್ದೇನೆ. ‘ಆಲು ಕೊಡಾಕಿಲ್ಲ’ ಹತ್ತಿರ ಬರುವಾಗ ನನಗೆ ಈಗಲೂ ಕಣ್ಣು ಕತ್ತಲೆ ಕಟ್ಟುತ್ತದೆ. ಹಂದಿಯಂಥ ಎದೆ ಬೇಕು ಅದಕ್ಕೆ. ನನ್ನದು ಗುಬ್ಬಿಯದು.

ಕೊರೊನಾದ ಎರಡನೇ ಅಲೆ ಬಂತು. ಮದುವೆಗಳು ನಿಂತವು, ಆರ್ಕೆಸ್ಟ್ರಾ ನಿಂತಿತು. ಹಾಸನದ ಬಾಡಿಗೆ ರೂಮಿನಲ್ಲಿ ಗೋಡೆಗೆ ಜೋಕು ಹೇಳುತ್ತ ಕೂತಿದ್ದ ನನ್ನನ್ನು ದೊಡ್ಡಪ್ಪ ಕರೆಸಿಕೊಂಡರು. ಹಸುಗಳಿಗೆ ಲಾಕ್‌ಡೌನ್ ಇಲ್ಲವಲ್ಲ. ಬೆಳಗಿನ ಹೊತ್ತು ಅಂಗಡಿ ತೆರೆಯಲೇಬೇಕಿತ್ತು, ಆಳುಗಳು ಬರುತ್ತಿರಲಿಲ್ಲ. “ಬಾರ್ಲಾ, ಮೂಟೆ ಒರು. ಬಾಯಿಗೆ ಕೆಲ್ಸ ಇಲ್ದಿದ್ರೆ ಬೆನ್ನಿಗೈತೆ” ಅಂದರು ಫೋನಿನಲ್ಲಿ.

ಹಾಗೆ ನಾನು ಹೋಗಿ ಬಿದ್ದದ್ದು ದೊಡ್ಡಮ್ಮನ ಕಷಾಯದ ಕಾರ್ಖಾನೆಗೆ.

ಆ ಕಷಾಯವನ್ನು ನೆನೆದರೆ ಈ ಸಾಲು ಬರೆಯುವಾಗಲೂ ದವಡೆಯಲ್ಲಿ ನೀರು ಕಿತ್ತುಕೊಳ್ಳುತ್ತದೆ. ಅಮೃತಬಳ್ಳಿಯ ಕಾಂಡ ಜಜ್ಜಿದ್ದು, ಆಡುಸೋಗೆ ಎಲೆ, ನೆಲಬೇವು, ಹಿಪ್ಪಲಿ, ಕರಿಮೆಣಸು, ಒಣಶುಂಠಿ, ತುಳಸಿ. ಎಲ್ಲವೂ ಒಂದು ಬೋಸಿಯಲ್ಲಿ ಕುದಿದು ಕುದಿದು ಕಾಲು ಭಾಗಕ್ಕೆ ಇಳಿಯಬೇಕು. ಬೋಸಿ ಯಾವುದು ಅಂದರೆ ತಲೆಗೆ ಹಚ್ಚಲು ಹರಳೆಣ್ಣೆ ಕಾಯಿಸುತ್ತಿದ್ದದ್ದು. ಸೋಸುವ ಬಟ್ಟೆ ದೊಡ್ಡಪ್ಪನ ಹಳೇ ಪಂಚೆಯ ಹರುಕು. ಪಂಚೆಯ ಯಾವ ಭಾಗದ ಹರುಕು ಎಂದು ಕೇಳುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ. ನಾನು ಕೇಳಿದೆ, ಸೌಟಿನಲ್ಲಿ ಏಟು ತಿಂದೆ. ಸೋಸಿದ ಮೇಲೆ ಬಣ್ಣ ಟ್ರ್ಯಾಕ್ಟರಿನ ಹಳೇ ಆಯಿಲ್. ಮೇಲೆ ತೇಲುವ ಅಮೃತಬಳ್ಳಿಯ ಲೋಳೆ, ನೆಗಡಿ ಹಿಡಿದ ಮಗುವಿನ ಮೂಗಿನ ಕೆಳಗೆ ಇರುವಂಥದ್ದೇ. ಚೂರು ಬೆಲ್ಲ ಹಾಕಿ ಅಂತ ಬೇಡಿಕೊಂಡರೆ, “ಬೆಲ್ಲ ಆಕಿದ್ರೆ ಪಾನಕ ಆಯ್ತದೆ ಕಣಪ್ಪ. ಕಾಯ್ಲೆ ಏನ್ ನೆಂಟ್ರಾ, ಪಾನಕ ಕೊಟ್ಟು ಕೂರ್ಸಕೆ?” ಎನ್ನುತ್ತಿದ್ದರು ದೊಡ್ಡಮ್ಮ.

ನನ್ನ ಪಾಲಿನ ಲೋಟವನ್ನು ನಾನು ಹಿತ್ತಲಿನ ದಾಸವಾಳದ ಬುಡಕ್ಕೆ ಹೊಯ್ಯುತ್ತಿದ್ದೆ. ಆ ಗಿಡಕ್ಕೆ ಇಲ್ಲಿಯವರೆಗೆ ಕೆಮ್ಮು ಬಂದಿಲ್ಲ.

ಇದು ಸಾಲದು ಅಂತ ಹೊಳೆನರಸೀಪುರದ ಕಡೆಯಿಂದ ಒಬ್ಬ ಬೈಕಿನಲ್ಲಿ ಪುಡಿ ಮಾರಿಕೊಂಡು ಬಂದ. ಮಾಸ್ಕು ಗದ್ದದ ಕೆಳಗೆ, ಗಡ್ಡಕ್ಕೆ ಜೋಳಿಗೆ ಕಟ್ಟಿದ ಹಾಗೆ. ಅಂಗೈಗೆ ಸೀನಿದ, ಅದೇ ಅಂಗೈಯಿಂದ ಪುಡಿ ಅಳೆದು, ಚೀಟಿ ಅಂಟಿಸಿದ ಪೊಟ್ಟಣಕ್ಕೆ ತುಂಬಿ ಕೊಟ್ಟ. “ಕಫ ಅನ್ನೋದು ಬೇರ್ ಸಮೇತ ಕಿತ್ಕೊಂಡ್ ಬತ್ತದೆ ಅಕ್ಕ” ಅಂದ. ಅವನ ಮೂಗನ್ನು ನೋಡಿದರೆ ಕಿತ್ತುಕೊಂಡು ಬರುತ್ತಿದ್ದದ್ದು ನಿಜ. ದೊಡ್ಡಮ್ಮ ಅದನ್ನೂ ಬೋಸಿಗೆ ಸುರಿದರು.

ಅಷ್ಟರಲ್ಲಿ ದೊಡ್ಡಪ್ಪನಿಗೆ ಜ್ವರ ಹಿಡಿಯಿತು. ಮೈಕೈ ನೋವು, ಒಣಕೆಮ್ಮು. ಪರೀಕ್ಷೆ ಮಾಡಿಸೋಣ ಅಂದೆ. ದೊಡ್ಡಪ್ಪ ಗೋಡೆಗೆ ತಿರುಗಿ ಮಲಗಿದರು. ದೊಡ್ಡಮ್ಮ ನನ್ನ ರಟ್ಟೆ ಹಿಡಿದು ಅಡುಗೆಮನೆಗೆ ಎಳೆದುಕೊಂಡು ಹೋದರು.

“ಕೊರೊನಾ ಮನೆ ಅಂತ ಬಾಗ್ಲಿಗೆ ಪಟ್ಟಿ ಕಟ್ತಾರೆ ಕಣ್ಲಾ. ಈ ಅಂಗ್ಡಿ ಬೂಸ ತಿಂದ್ರೆ ಅಸೀಗೂ ಬತ್ತದೆ ಅಂತ ಯೋಳ್ಕೊಂಡ್ ತಿರುಗ್ತಾರೆ ಜನ. ಯಾರ್ಗೂ ಗೊತ್ತಾಗ್ಬಾರ್ದು. ಫೋನ್ ಬಂದ್ರೆ ನೀನೇ ಅವ್ರಂಗೆ ಮಾತಾಡು.”

“ಅವರ ಥರ ಮಾತಾಡಿದರೆ ಬೈತಿದ್ರಲ್ಲ ದೊಡ್ಡಮ್ಮ, ನಾಲಗೆ ಸೀದೋಗ್ತದೆ ಅಂತ?”

“ಈಗ ಸೀದೋದ್ರೆ ಪರ್ವಾಗಿಲ್ಲ. ಮಾತಾಡು.”

ನನ್ನ ಕಲೆಗೆ ಮನೆಯಲ್ಲಿ ಸಿಕ್ಕಿದ ಮೊದಲ ಮರ್ಯಾದೆ ಅದು. ದೊಡ್ಡಪ್ಪನ ಫೋನು ನನ್ನ ಕೈಗೆ ಬಂತು. ಗಿರಾಕಿಗಳಿಗೆ ಬೈದೆ, ಲಾರಿಯವನಿಗೆ ಬೈದೆ. ಯಾರಿಗೂ ಅನುಮಾನ ಬರಲಿಲ್ಲ. ‘ಆಲು ಕೊಡಾಕಿಲ್ಲ’ ಹತ್ತಿರ ಉಸಿರು ಕೈಕೊಟ್ಟಾಗ ಫೋನನ್ನು ಬೂಸದ ಮೂಟೆಗೆ ಒತ್ತಿ, ಗಾಳಿ ಎಳೆದುಕೊಂಡು ಮುಂದುವರಿಸುತ್ತಿದ್ದೆ.

ಚನ್ನರಾಯಪಟ್ಟಣದ ಅತ್ತೆ ಫೋನು ಮಾಡಿದರು. ಅತ್ತೆ ಅಂದರೆ ದೊಡ್ಡಪ್ಪನ ತಂಗಿ. ಆಡುಸೋಗೆ ಹಾಕಿ ಅಂತ ಹೇಳಿಕೊಟ್ಟವರೇ ಅವರು. ದೊಡ್ಡಮ್ಮ ಬಾಯಿ ತಪ್ಪಿ ಅವರೊಬ್ಬರಿಗೆ ಜ್ವರದ ವಿಷಯ ಹೇಳಿಬಿಟ್ಟಿದ್ದರು.

“ಅಣ್ಣ, ಎಂಗಿದ್ದೀಯ? ಕುಡುದ್ಯಾ?”

ದೊಡ್ಡಮ್ಮ ಎದುರಿಗೇ ನಿಂತು ಕಣ್ಣು ಅಗಲಿಸಿದರು. “ಏ, ನಂಗೇನಾಗೈತೆ? ಎಲ್ಡ್ ಗುಟುಕಿಗೇ ಜರ ಓಡೋಯ್ತು. ಇಡು ಫೋನ, ಅಂಗ್ಡಿತಾವ ಜನ ಅವ್ರೆ” ಅಂದೆ, ದೊಡ್ಡಪ್ಪನಾಗಿ.

“ಅಯ್ ನನ್ನಪ್ಪ! ನಾ ಯೋಳ್ಲಿಲ್ವಾ?” ಅಂದರು ಅತ್ತೆ. ಆ ಖುಷಿ ಫೋನಿನಿಂದ ಎಂಜಲಿನ ಹಾಗೆ ಸಿಡಿಯಿತು.

ಅತ್ತ ಅಸಲಿ ದೊಡ್ಡಪ್ಪನಿಗೆ ಹಬೆ ಕೊಡುವ ಕಾರ್ಯಕ್ರಮ ನಡೆಯುತ್ತಿತ್ತು. ಲಕ್ಕಿಸೊಪ್ಪು ಹಾಕಿದ ಕುದಿನೀರು, ಮೇಲೆ ಒಂದು ಕಂಬಳಿ. ದೊಡ್ಡಪ್ಪ ಒಳಗೆ ಕೂತು ಕೆಮ್ಮಿ, ಸೀನಿ, ಉಗಿದು ಹೊರಗೆ ಬಂದ ಮೇಲೆ ನೀರು ಬಿಸಿ ಇದೆ, ದಂಡ ಮಾಡಬಾರದು ಅಂತ ಅದೇ ಕಂಬಳಿಯೊಳಗೆ ದೊಡ್ಡಮ್ಮ. ಆಮೇಲೆ ನಾನು. ಆ ಕಂಬಳಿಯ ಒಳಗಿನ ಕತ್ತಲೆಯನ್ನು ಹೇಗೆ ಹೇಳಲಿ? ಬೆಚ್ಚಗಿನ ಗೊಣ್ಣೆ, ಹಸಿ ಉಣ್ಣೆ, ಲಕ್ಕಿಸೊಪ್ಪು, ಮೂವರ ಬೆವರು. ಮುಖಕ್ಕೆ ಏನೋ ಒದ್ದೆಯಾದ್ದು ತಾಗಿತು. ಅದು ನೀರು ಅಂತ ನಾನು ಇವತ್ತಿಗೂ ನಂಬಿಕೊಂಡಿದ್ದೇನೆ. ಬೇರೆ ದಾರಿಯಿಲ್ಲ.

ಒಂದು ಬೆಳಿಗ್ಗೆ ದೊಡ್ಡಮ್ಮ ಲೋಟ ತಂದರು. ನಾನು ಎಂದಿನಂತೆ ಬಾಗಿಲ ಹತ್ತಿರ ಜಾಗ ಹಿಡಿದೆ, ಮುಖದ ಹೊಸ ಪ್ರದರ್ಶನ ನೋಡೋಣ ಅಂತ. ದೊಡ್ಡಪ್ಪ ಲೋಟ ಎತ್ತಿದರು. ಗಟಗಟ ಕುಡಿದರು. ಲೋಟ ಕೆಳಗಿಟ್ಟರು.

ಮುಖದಲ್ಲಿ ಏನೂ ನಡೆಯಲಿಲ್ಲ.

ಎಡಗಣ್ಣು ಮುಚ್ಚಲಿಲ್ಲ. ಮೂಗು ಇದ್ದಲ್ಲೇ ಇತ್ತು. ಲೋಳೆಯ ಒಂದು ಎಳೆ ಮೀಸೆಯಲ್ಲಿ ತೂಗಾಡುತ್ತಿತ್ತು, ಅದನ್ನು ಒರೆಸಿಕೊಳ್ಳುವಷ್ಟು ಅಸಹ್ಯವೂ ಅವರಿಗೆ ಆಗಲಿಲ್ಲ. ಬದಲಿಗೆ ನಾನು ನನ್ನ ಮೀಸೆ ಒರೆಸಿಕೊಂಡೆ.

ದೊಡ್ಡಮ್ಮನಿಗೆ ಮಾತ್ರ ಹಬ್ಬ. “ನೋಡುದ್ಯಾ? ಔಸ್ದಿ ಒಗ್ಗೋಯ್ತು ಮೈಗೆ! ಮಕ ಕಿವುಚ್ದೆ ಕುಡುದ್ರಲ್ಲ, ಇನ್ನ ವಾಸಿ ಆದಂಗೇಯ.” ಮಾರನೆಯ ಹೊತ್ತಿಗೆ ಲೋಟದ ಜಾಗಕ್ಕೆ ಚೊಂಬು ಬಂತು. ದೊಡ್ಡಪ್ಪ ಚೊಂಬನ್ನೂ ಖಾಲಿ ಮಾಡಿದರು, ಕುಡಿಯುವ ನೀರಿನ ಹಾಗೆ. ದೊಡ್ಡಮ್ಮ ಅಕ್ಕಪಕ್ಕದ ಮನೆಗೆ ಹೇಳಲಾಗದ ಸಂಭ್ರಮವನ್ನು ನನಗೇ ಮತ್ತೆ ಮತ್ತೆ ಹೇಳಿದರು.

ನನಗೆ ಏನೋ ಸರಿ ಕಾಣಲಿಲ್ಲ. ಮುಖ ನೋಡಿ ಹೊಟ್ಟೆ ಹೊರೆಯುವವನು ನಾನು. ಆ ಮುಖವನ್ನು ನಾನು ಕದ್ದು ಎಷ್ಟೋ ಕಡೆ ಮಾರಿದ್ದೇನೆ. ಅಸಲು ಅಂಗಡಿಯೇ ಬಾಗಿಲು ಹಾಕಿತು ಅಂದರೆ?

ಆದರೂ ಹೊಳೆದದ್ದು ಮುಖದಿಂದ ಅಲ್ಲ, ದನಿಯಿಂದ. ಫೋನಿನಲ್ಲಿ ನಾನು ಆಡುವ ದೊಡ್ಡಪ್ಪ ಸ್ವಲ್ಪ ಜಾಸ್ತಿ ಜೋರಾಗುತ್ತಿದ್ದಾನೆ ಅನ್ನಿಸಿ, ಅಸಲನ್ನು ಕೇಳಿ ಸರಿಮಾಡಿಕೊಳ್ಳೋಣ ಅಂತ ಅವರ ಕೋಣೆಗೆ ಹೋದೆ. ರೇಗಿಸಿದರೆ ಬೈಯುತ್ತಾರೆ ಅನ್ನುವುದು ಗೊತ್ತಿತ್ತಲ್ಲ.

“ದೊಡ್ಡಪ್ಪ, ಬೂಸದ ಮೂಟೆ ಸೋರೋ ಕಡೆನೇ ಇಟ್ಟಿದೀನಿ.”

ಅವರು ಕಣ್ಣು ಬಿಟ್ಟರು. “ಲೇ ಬಡ್ಡೆತ್ತದ್ದೇ… ಮೂಟೆ…” ಉಸಿರು ತೆಗೆದುಕೊಂಡರು. “ಅಲ್ಲಿಡ್ಬ್ಯಾಡ…” ಮತ್ತೆ ಉಸಿರು. “ಅಂತ…” ಅಷ್ಟಕ್ಕೆ ನಿಂತಿತು. ಕತ್ತಿನ ಬುಡದ ಗುಳಿ ಒಳಕ್ಕೆ ಎಳೆದುಕೊಳ್ಳುತ್ತಿತ್ತು. ಅವರು ನನ್ನನ್ನು ನೋಡಿ, ಉಳಿದದ್ದು ನೀನೇ ಹೇಳಿಕೋ ಅನ್ನುವ ಹಾಗೆ ಕೈಯಾಡಿಸಿದರು.

ಉಳಿದದ್ದು ನನಗೆ ಬಾಯಿಪಾಠ. ಅದೇ ನನಗೆ ಹೇಸಿಗೆಯಾದದ್ದು. ಹೊರಗೆ ಮೂಟೆಗಳ ನಡುವೆ ಒಬ್ಬ ದೊಡ್ಡಪ್ಪ ಗುಂಡುಕಲ್ಲಿನ ಹಾಗೆ ಕೂತು ಗುಡುಗುತ್ತಿದ್ದಾನೆ. ಒಳಗೆ ಹಾಸಿಗೆಯಲ್ಲಿ ಇನ್ನೊಬ್ಬ ‘ಅಂತ’ ದಾಟಲಾರದೆ ಒದ್ದಾಡುತ್ತಿದ್ದಾನೆ. ಊರಿಗೆಲ್ಲ ಗೊತ್ತಿರುವುದು ಹೊರಗಿನವನು.

ಅಡುಗೆಮನೆಗೆ ಓಡಿದೆ. ದೊಡ್ಡಮ್ಮ ಬೋಸಿಯ ಮುಂದೆ ಫೋನು ಹಿಡಿದು ನಗುತ್ತ ನಿಂತಿದ್ದರು.

“ಬಾರ್ಲಾ ಇಲ್ಲಿ, ಓದು. ವಾಟ್ಸಾಪಲ್ಲಿ ಬಂದೈತೆ. ಅರಕಲಗೂಡ್ನಾಗೇ ಯಾರೋ ಒಬ್ರು ಯಾಪಾರಸ್ಥರಂತೆ. ಆಡುಸೋಗೆ ಕಸಾಯ ಎಲ್ಡೇ ಗುಟುಕಂತೆ, ಜರ ಓಡೋಯ್ತಂತೆ, ಅಂಗ್ಡೀಲಿ ಕೂತವ್ರಂತೆ! ಅವ್ರ್ಗೆ ವಾಸಿ ಆದ್ಮೇಲೆ ಇವ್ರ್ಗೆ ಆಗಾಕಿಲ್ವಾ? ನಾನು ಇನ್ನೊಂದ್ ಬೋಸಿ ಇಡ್ತಾವ್ನಿ.”

ಓದಿದೆ. ಚನ್ನರಾಯಪಟ್ಟಣದಲ್ಲಿ ಹುಟ್ಟಿ, ಹಾಸನ ಸುತ್ತಿ, ಹೊಳೆನರಸೀಪುರದ ನೆಂಟರ ಗುಂಪಿಗೆ ಹೋಗಿ, ಹೆಸರು ಕಳೆದುಕೊಂಡು, ಕೈಮುಗಿಯುವ ಚಿತ್ರಗಳನ್ನು ಅಂಟಿಸಿಕೊಂಡು ಅದು ತವರಿಗೆ ವಾಪಸ್ಸು ಬಂದಿತ್ತು. ‘ಎಲ್ಲರಿಗೂ ಕಳಿಸಿ, ಪ್ರಾಣ ಉಳಿಸಿ’ ಅಂತ ಕೆಳಗೆ.

“ದೊಡ್ಡಮ್ಮ, ಆ ವ್ಯಾಪಾರಸ್ಥ ನಮ್ಮ ದೊಡ್ಡಪ್ಪ.”

“ಅವ್ರೆಲ್ಲಿ ಅಂಗ್ಡೀಲಿ ಕೂತವ್ರೆ?”

“ಅತ್ತೆಗೆ ನಾನು ಹೇಳಿದ್ದು. ಎರಡು ಗುಟುಕು ಅಂತ. ನೀವೇ ಎದುರಿಗೆ ನಿಂತಿದ್ರಲ್ಲ. ಆ ವಾಸಿಯಾದ ಮನುಷ್ಯ ನಾನೇ. ನನಗೆ ಜ್ವರನೇ ಬಂದಿಲ್ಲ!”

ದೊಡ್ಡಮ್ಮ ಸೌಟು ಕೆಳಗಿಟ್ಟರು. ಒಲೆಯ ಮೇಲೆ ಬೋಸಿ ಬುಳುಕ್ ಬುಳುಕ್ ಅನ್ನುತ್ತಿತ್ತು. ಆದರೂ ಅವರು ಸೋಲಲಿಲ್ಲ. “ಅದಿರ್ಲಿ. ಇವ್ರು ಮಕ ಕಿವುಚ್ದೆ ಕುಡೀತಾವ್ರಲ್ಲ, ಅದೇನ್ ಸುಳ್ಳಾ? ನೀನು ಮಕ ಮಾಡ್ಕಂಡ್ ತೋರ್ಸಿದ್ಯಾ ಅದ್ನೂವೆ?”

ಆಗ ನನಗೆ ನೆನಪಾದದ್ದು ದೊಡ್ಡಮ್ಮ ತಾವೇ ಹೇಳುತ್ತಿದ್ದ ಮಾತು. ಅವರ ತವರಿನಲ್ಲಿ ಹಾವು ಕಚ್ಚಿದವರಿಗೆ ಬೇವಿನ ಸೊಪ್ಪು ಅಗಿಯಲು ಕೊಡುತ್ತಿದ್ದರಂತೆ. ಕಹಿ ಗೊತ್ತಾದರೆ ಭಯವಿಲ್ಲ. ಗೊತ್ತಾಗದಿದ್ದರೆ ವಿಷ ಏರಿದೆ, ಗಾಡಿ ಕಟ್ಟು ಎನ್ನುತ್ತಿದ್ದರಂತೆ. ಅದು ಎಷ್ಟು ಸರಿಯೋ ನನಗೆ ಗೊತ್ತಿರಲಿಲ್ಲ. ಕೈಗೆ ಸಿಕ್ಕಿದ್ದು ಅದೊಂದೇ.

“ದೊಡ್ಡಮ್ಮ, ಹಾವು ಕಚ್ಚಿದವನು ಬೇವಿನ ಸೊಪ್ಪನ್ನ ಮುಖ ಕಿವುಚದೆ ತಿಂದ್ರೆ ನಿಮ್ಮೂರಲ್ಲಿ ಏನಂತಿದ್ರು? ಸೊಪ್ಪು ಒಗ್ಗಿತು ಅಂತಿದ್ರಾ?”

ದೊಡ್ಡಮ್ಮ ಚೊಂಬನ್ನು ನೋಡಿದರು. ತಳದಲ್ಲಿ ಉಳಿದಿದ್ದ ಕಷಾಯವನ್ನು ಬೆರಳಿನಲ್ಲಿ ಅದ್ದಿ ನಾಲಗೆಗೆ ಇಟ್ಟುಕೊಂಡರು. ಅಷ್ಟು ದಿನ ಮಾಡಿ ಬಡಿಸಿದವರು ಮೊದಲ ಸಲ ಗಮನ ಕೊಟ್ಟು ರುಚಿ ನೋಡಿದ್ದಿರಬೇಕು. ಮುಖ ಪೂರಾ ಮುದುಡಿಹೋಯಿತು.

“ಅಯ್ಯೋ ಶಿವ್ನೇ,” ಅಂದರು. “ಇದು ಗೊತ್ತಾಯ್ತಿಲ್ವಾ ಅವ್ರ್ಗೆ? ಇದೂವೇ? ಗಾಡಿ ತೆಗಿ. ತೆಗಿಯೋ, ನಿಂತ್ಕಂಡವ್ನಲ್ಲ ಗರುಡ್ಗಂಬ ಇದ್ದಂಗೆ!”

ಬೂಸ ಸಾಗಿಸುವ ಪಿಕಪ್ಪಿನಲ್ಲಿ ಅವರನ್ನು ಕೂರಿಸಿಕೊಂಡು ಹೊರಟೆವು. ಪಟ್ಟಿ ಕಟ್ಟುವವರು, ನೋಡುವವರು ಎಲ್ಲ ದೊಡ್ಡಮ್ಮನಿಗೆ ಮರೆತುಹೋಗಿದ್ದರು. ಬೀದಿಯವರು ಕಿಟಕಿಯಲ್ಲಿ ಇಣುಕುವಾಗ ಅವರೇ ಕೂಗಿ ಹೇಳಿದರು: “ಉಸ್ರಾಡಾಕಾಯ್ತಿಲ್ಲ, ದಾರಿ ಬಿಡ್ರಪ್ಪ!” ಅರಕಲಗೂಡಿನ ಆಸ್ಪತ್ರೆಯಲ್ಲಿ ನರ್ಸು ಬೆರಳಿಗೆ ಮೆಷಿನ್ ಸಿಗಿಸಿ ನೋಡಿದರು. ಇನ್ನೊಂದು ಬೆರಳಿಗೆ ಸಿಗಿಸಿದರು. ಆಮೇಲೆ ಅವರು ನಡೆಯಲಿಲ್ಲ, ಓಡಿದರು. ಆಕ್ಸಿಜನ್ ಹಾಕಿದ ಆಂಬುಲೆನ್ಸಿನಲ್ಲೇ ಹಾಸನಕ್ಕೆ.

ಹಾಸನದಲ್ಲಿ ನಮ್ಮೊಂದಿಗೆ ಮಾತಾಡಿದ ಡಾಕ್ಟರಮ್ಮ ತಲೆಯಿಂದ ಕಾಲಿನವರೆಗೆ ಬಿಳಿ ಪ್ಲಾಸ್ಟಿಕ್ಕಿನೊಳಗಿದ್ದರು. ನಕಲು ಮಾಡೋಣವೆಂದರೆ ಕಣ್ಣು ಬಿಟ್ಟು ಬೇರೇನೂ ಸಿಗಲಿಲ್ಲ. ಅವೂ ನಿದ್ದೆಗೆಟ್ಟು ಕೆಂಪಗಿದ್ದವು. ಏನೇನು ಕೊಟ್ಟಿದ್ದೀರಿ ಅಂತ ಕೇಳಿದರು. ದೊಡ್ಡಮ್ಮ ಒಂದೊಂದಾಗಿ ಒಪ್ಪಿಸಿದರು, ಪುಡಿಯ ಪೊಟ್ಟಣವನ್ನೂ ಸೆರಗಿನಿಂದ ತೆಗೆದು ಕೊಟ್ಟರು.

“ಇದರಲ್ಲಿ ಜ್ಯೇಷ್ಠಮಧು ಅಂತ ಬರೆದಿದೆ. ಇವರಿಗೆ ಬಿಪಿ ಇದೆ ಅಲ್ವಾ? ಇದನ್ನ ದಿನಾ ಕುಡಿಸಿದ್ರೆ ಬಿಪಿ ಏರುತ್ತಮ್ಮ.”

“ಅವ್ನು ಬರೀ ಬೇರು ಅಂದ ಕಣವ್ವ.”

“ಬೇರು ಅಂದ್ರೆ ಸುಮ್ನೆ ಇರುತ್ತಾ? ನೋಡಿ, ತುಳಸಿ, ಶುಂಠಿ, ಮೆಣಸು ಹಾಕಿದ ಬಿಸಿನೀರು ಗಂಟಲಿಗೆ ಹಿತವಾಗಿದ್ರೆ ಕುಡೀಲಿ, ನಾನು ಬೇಡ ಅನ್ನಲ್ಲ. ಜೊತೆಗಿರಲಿ ಅದು. ಉಸಿರು ಕಡಿಮೆ ಆಗ್ತಿದ್ದಾಗ ಅದನ್ನೇ ನಂಬ್ಕೊಂಡು ಮನೇಲಿ ಕೂರಬಾರದು. ಇನ್ನೂ ತಡ ಮಾಡಿದ್ರೆ ನಾನು ಏನೂ ಮಾಡೋಕೆ ಆಗ್ತಿರಲಿಲ್ಲ.”

ದೊಡ್ಡಮ್ಮ ತಲೆಯಾಡಿಸಿದರು. ಅತ್ತೆಗೆ ಫೋನು ಮಾಡಿ ನನ್ನ ಸ್ವಂತ ದನಿಯಲ್ಲಿ ಎಲ್ಲ ಹೇಳಿದೆ. ಅತ್ತೆ ಮೊದಲು, “ಅಂಗಾರೆ ಮೆಸೇಜ್ ಕಳ್ಸಿರೋರ್ಗೆಲ್ಲ ಏನಂತ ಯೋಳ್ಳಿ?” ಅಂದರು. ‘ನಮ್ಮಣ್ಣ ಉಳೀತಾನಾ’ ಅಂತ ಕೇಳಿದ್ದು ಅದಾದ ಮೇಲೆ. ಆಮೇಲೆ ಅತ್ತರು, ಅದೂ ನಿಜವಾದ ಅಳುವೇ. ಆ ಮೆಸೇಜು ಮಾತ್ರ ಇನ್ನೂ ಸತ್ತಿಲ್ಲ. ಯಾರಿಗೆ ನೆಗಡಿಯಾದರೂ ನನ್ನ ಆ ಎರಡು ಗುಟುಕು ಕೈಮುಗಿದುಕೊಂಡು ನನಗೇ ಬರುತ್ತದೆ. ಬಚ್ಚಲಲ್ಲಿ ಉಗಿದದ್ದು ಮತ್ತೆ ತಟ್ಟೆಗೆ ಬಂದ ಹಾಗಾಗುತ್ತದೆ.

ದೊಡ್ಡಪ್ಪ ಮನೆಗೆ ಬಂದರು, ಅರ್ಧ ಆಗಿ. ಅಂಗಡಿಯಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಬೈಗುಳ ತುಂಡು ತುಂಡಾಗಿ ಬರುತ್ತಿತ್ತು. “ಲೇ…” ಅಂತ ಶುರುವಾದದ್ದು ಮುಗಿಯುವಷ್ಟರಲ್ಲಿ ಆಳು ಮೂಟೆ ಇಟ್ಟು ಬೀಡಿ ಹಚ್ಚಿರುತ್ತಿದ್ದ. ಆಳುಗಳಿಗೇ ಬೇಜಾರು. “ಅಣ್ಣ ನೆಟ್ಟಗ್ ಬೈಯ್ದೆ ಮೂಟೆ ಎತ್ತಾಕ್ ಮನ್ಸೇ ಬರಾಕಿಲ್ಲ ಸಾ” ಅಂದ ಒಬ್ಬ ನನಗೆ. ನಾಲಗೆಯೂ ಸತ್ತೇ ಇತ್ತು. ಬೆಳಗ್ಗೆ ದೊಡ್ಡಮ್ಮ ಶುಂಠಿ-ತುಳಸಿಯ ನೀರಿಗೆ ನೆಲಬೇವಿನ ಒಂದು ಚೂರು ಹಾಕಿ ಚಿಕ್ಕ ಲೋಟದಲ್ಲಿ ತರುತ್ತಿದ್ದರು. ಔಷಧಿಗಲ್ಲ, ನಾಲಗೆ ನೋಡಲಿಕ್ಕೆ.

“ಕಯ್ಯಿ ಐತಾ?”

“ನೀರು” ಎನ್ನುತ್ತಿದ್ದರು ದೊಡ್ಡಪ್ಪ.

ದೊಡ್ಡಮ್ಮ ಲೋಟ ತೊಳೆಯಲು ಒಳಗೆ ಹೋಗುತ್ತಿದ್ದರು. ತುಂಬ ಹೊತ್ತು ತೊಳೆಯುತ್ತಿದ್ದರು.

ಹಾಗೇ ಒಂದು ಬೆಳಿಗ್ಗೆ ನನಗೆ ಮಾಡಲು ಕೆಲಸವಿರಲಿಲ್ಲ. ದೊಡ್ಡಪ್ಪ ಲೋಟ ಎತ್ತುವ ಹೊತ್ತಿಗೆ ಎದುರಿಗೆ ಹೋಗಿ ಕೂತು, ಅವರಿಗಿಂತ ಮೊದಲೇ ಅವರ ಮುಖ ಮಾಡಿದೆ: ಎಡಗಣ್ಣು, ಮೂಗು, ತುಟಿ, ನಾಲಗೆ. ಮರೆತಿದ್ದರೆ ನೆನಪಾಗಲಿ ಅಂತ. ಅವರು ಬಾಯಿತುಂಬ ಎಳೆದುಕೊಂಡಿದ್ದರು. ನನ್ನನ್ನು ನೋಡುತ್ತಿದ್ದವರ ಎಡಗಣ್ಣು ನಿಧಾನಕ್ಕೆ ಮುಚ್ಚಿತು. ನನ್ನನ್ನು ಅಣಕಿಸುತ್ತಿದ್ದಾರೆ ಅಂದುಕೊಂಡೆ. ಮೂಗು ಮೇಲಕ್ಕೆ ಹೊರಟಿತು. ಅಷ್ಟರಲ್ಲಿ ಏಳಬೇಕಿತ್ತು ನಾನು, ಏಳಲಿಲ್ಲ.

‘ಥೂ’ ಪೂರ್ತಿಯಾಗಿ ನನ್ನ ಮುಖದ ಮೇಲೆ ಬಂತು.

“ಲೇ ಬಡ್ಡೆತ್ತದ್ದೇ ಏನ್ಲಾ ಇದು ಇಸ ಇದ್ದಂಗೈತೆ ಇದ್ನ ಇಷ್ಟ್ ದಿನ ನನ್ ಒಟ್ಟೆಗೆ ಉಯ್ದವ್ರಲ್ಲ ನಾನೇನ್ ಮನ್ಸನಾ ಮೋರಿನಾ ಅಸೀಗಾದ್ರೂ ಇದ್ನ ಕುಡುಸ್ತಾರೇನ್ಲಾ ಅಸ ಒದೀತದೆ ಆಲು ಕೊಡಾಕಿಲ್ಲ ನೀನ್ ಬ್ಯಾರೆ ಮುಂದ್ಗಡೆ ಕೂತ್ಕಂಡ್ ಕೋತಿಯಂಗೆ ಮಕ ಮಾಡ್ತೀಯ…”

ದೊಡ್ಡಮ್ಮ ಒದ್ದೆ ಕೈಯಲ್ಲೇ ಓಡಿಬಂದು ಬಾಗಿಲಲ್ಲಿ ನಿಂತರು. ನನಗೆ ಒಂದು ಟವೆಲು ಕೊಡಬೇಕು ಅಂತ ಅವರಿಗೆ ಹೊಳೆಯಲೇ ಇಲ್ಲ. “ಬಯ್ರೀ,” ಅಂದರು ಗಂಡನಿಗೆ, “ಇನ್ನೊಂಚೂರು ಬಯ್ರೀ.”

ಅವರು ಬೈದರು. ನನಗೆ ಕಣ್ಣು ಕತ್ತಲೆ ಕಟ್ಟುವ ಜಾಗ ಯಾವಾಗಲೋ ದಾಟಿಹೋಗಿತ್ತು, ಉಸಿರು ಎಲ್ಲೂ ತುಂಡಾಗಿರಲಿಲ್ಲ. ನಾನು ಒರೆಸಿಕೊಳ್ಳದೆ ಕೇಳುತ್ತ ಕೂತೆ. ಅವರ ಬಾಯಿಂದ ಬಂದ ಕಷಾಯ, ಬೆಚ್ಚಗೆ, ನನ್ನ ಮೂಗಿನ ಪಕ್ಕದಿಂದ ಇಳಿದು ತುಟಿಯ ಸಂದಿಗೆ ಸೇರಿತು.

ಥೂ.